‘ಆ ಗುಂಪಿನಿಂದ ಬಿಡಿಸಿದರೆ ಸರಿಹೋಗಲ್ವಾ?’

ಮನೆಯಿಲ್ಲದೆ ಬೀದಿಯಲ್ಲಿ ದಿನ ದೂಡುವ ಹುಡುಗ ಹುಡುಗಿಯರ ನಶೆಯ ಬಗ್ಗೆ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಕೇಳುವವರಲ್ಲಿ ಕಾಳಜಿಯೇ ಇರುತ್ತದೆ. ಸಹವಾಸದೋಷದಿಂದ ಸನ್ಯಾಸಿ ಕೆಟ್ಟ ಅನ್ನುವುದನ್ನು ಕೇಳಿಕೊಂಡೇ ಬೆಳೆದವರು ನಾವು. ಸಹವಾಸ ತಪ್ಪಿಸಿದರೆ ಚಟವೂ ತಪ್ಪುತ್ತದೆ ಅನ್ನಿಸುವುದು ಸಹಜ. ನನ್ನ ಉತ್ತರ: ಅಷ್ಟರಿಂದ ಸರಿಹೋಗುವುದಿಲ್ಲ. ಕೆಲವೊಮ್ಮೆ ಅದು ಪ್ರಾಣಕ್ಕೇ ಎರವಾಗುತ್ತದೆ.

ಆ ಗುಂಪಿನಿಂದ ಅವರಿಗೆ ಏನೇನು ಸಿಗುತ್ತದೆ ನೋಡಿ. ಒಬ್ಬ ಮಲಗಿದಾಗ ಇನ್ನೊಬ್ಬ ಎದ್ದಿರುತ್ತಾನೆ. ಊಟ ಎಲ್ಲಿ ಸಿಗುತ್ತದೆ, ಪೊಲೀಸರು ಎಲ್ಲಿಂದ ಎಬ್ಬಿಸುತ್ತಾರೆ, ಯಾವ ಗಂಡಸಿನ ಹತ್ತಿರ ಸುಳಿಯಬಾರದು, ಇವೆಲ್ಲ ಹೊಸಬರಿಗೆ ಗೊತ್ತಾಗುವುದು ಹಳಬರಿಂದಲೇ. ಎಷ್ಟೋ ಕಡೆ ಅವರು ಒಬ್ಬರಿಗೊಬ್ಬರು ಅಣ್ಣ, ಅಕ್ಕ, ತಂಗಿಯರೇ ಆಗಿಬಿಡುತ್ತಾರೆ. ನಶೆ ಬರುವುದೂ ಇದೇ ಕೈಗಳಿಂದ. ಇವತ್ತು ಸೇದಲು ಕೊಟ್ಟವನಿಗೆ ನಾಳೆ ಇವನು ಕೊಡಬೇಕು. ಬೇಡ ಅಂದರೆ ಕೊಟ್ಟವನನ್ನೇ ದೂರ ತಳ್ಳಿದ ಹಾಗೆ.

ಜೊತೆಗೆ, ಬೀದಿಯಲ್ಲಿ ನಶೆಗೊಂದು ಉಪಯೋಗವೂ ಇದೆ. ಹೇಳಲು ಮುಜುಗರವಾದರೂ ನಿಜ. ಮೆಥಾಂಫೆಟಮೈನ್‌ನಂಥ ಉತ್ತೇಜಕ ತೆಗೆದುಕೊಂಡರೆ ರಾತ್ರಿಯೆಲ್ಲ ಕಣ್ಣು ಮುಚ್ಚುವುದಿಲ್ಲ. ಕಣ್ಣು ಮುಚ್ಚಿದರೆ ಚೀಲ ಹೋಗುತ್ತದೆ, ಫೋನ್ ಹೋಗುತ್ತದೆ. ಹುಡುಗಿಯಾದರೆ ಭಯ ಇನ್ನೂ ದೊಡ್ಡದು. ಅಂಟು, ಥಿನ್ನರ್ ಮೂಸಿದರೆ ಹಸಿವೂ ಚಳಿಯೂ ಒಂದಷ್ಟು ಹೊತ್ತು ಮರೆತುಹೋಗುತ್ತವೆ. ಗೆಳೆಯರನ್ನು ಬಿಡಿಸಿ, ರಾತ್ರಿಯನ್ನೂ ಚಳಿಯನ್ನೂ ಹಾಗೇ ಉಳಿಸಿದರೆ ಏನು ಬಂತು?

ಗೆಳೆಯರೇ ಕೆಡಿಸಿದರು ಅನ್ನುವುದೂ ಪೂರ್ತಿ ಸರಿಯಲ್ಲ. ಸಮಾಜಶಾಸ್ತ್ರಜ್ಞೆ ಡೆನಿಸ್ ಕ್ಯಾಂಡೆಲ್ ಹೈಸ್ಕೂಲಿನ ಗೆಳೆಯರ ಜೋಡಿಗಳನ್ನು ಅಧ್ಯಯನ ಮಾಡಿ 1978ರಲ್ಲಿ ಬರೆದರು: ಗೆಳೆಯರು ಒಬ್ಬರನ್ನೊಬ್ಬರು ಬದಲಿಸುವುದು ಎಷ್ಟೋ, ಮೊದಲೇ ತಮ್ಮಂತಿರುವವರನ್ನು ಹುಡುಕಿ ಗೆಳೆತನ ಮಾಡುವುದೂ ಹೆಚ್ಚುಕಡಿಮೆ ಅಷ್ಟೇ. ಅವರೆಲ್ಲ ಶಾಲೆಗೆ ಹೋಗುತ್ತಿದ್ದ ಮಕ್ಕಳು. ಬೀದಿಯಲ್ಲಿ ಆರಿಸಿಕೊಳ್ಳಲು ಜನರೂ ಕಡಿಮೆ.

ಪ್ರಾಣಕ್ಕೆ ಎರವು ಎಂದೆನಲ್ಲ, ಹೆದರಿಸಲು ಹೇಳಿದ್ದಲ್ಲ. ಹೆರಾಯಿನ್, ಫೆಂಟನಿಲ್‌ನಂಥ ಅಫೀಮು ಜಾತಿಯ ನಶೆಯನ್ನು ಕೆಲವು ವಾರ ನಿಲ್ಲಿಸಿದರೆ ಅದನ್ನು ತಾಳಿಕೊಳ್ಳುವ ದೇಹದ ಶಕ್ತಿ ಇಳಿಯುತ್ತದೆ. ವ್ಯಸನಮುಕ್ತಿ ಕೇಂದ್ರದಿಂದ ಹೊರಬಂದವನು ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಸಕಾಲಕ್ಕೆ ನಲೋಕ್ಸೋನ್ ಎಂಬ ಔಷಧಿಯನ್ನು ಮೂಗಿಗೆ ಸಿಂಪಡಿಸಿದರೆ ಅಥವಾ ಚುಚ್ಚಿದರೆ ಉಸಿರು ಮರಳಬಲ್ಲದು. ಆದರೆ ಪ್ರಜ್ಞೆ ತಪ್ಪಿದವನು ತಾನೇ ಚುಚ್ಚಿಕೊಳ್ಳುವುದು ಹೇಗೆ? ಪಕ್ಕದಲ್ಲಿ ಯಾರಾದರೂ ಇರಬೇಕು. ಸಾಮಾನ್ಯವಾಗಿ ಆ ಹೊತ್ತಿನಲ್ಲಿ ಪಕ್ಕದಲ್ಲಿರುವವರು ಅದೇ ‘ಕೆಟ್ಟ ಸಹವಾಸ’ದವರು. ಅವರ ಕೈಗೆ ನಲೋಕ್ಸೋನ್ ಕೊಟ್ಟು ಬಳಸಲು ಕಲಿಸುವುದು ಅವರನ್ನು ಓಡಿಸುವುದಕ್ಕಿಂತ ಬುದ್ಧಿವಂತಿಕೆ ಎಂದು ನನ್ನ ಅಭಿಪ್ರಾಯ.

ಹಾಗಂತ ಎಲ್ಲರನ್ನೂ ಒಂದೆಡೆ ಕೂರಿಸಿ ಬುದ್ಧಿ ಹೇಳಿದರೂ ಕಷ್ಟ. ತೊಂದರೆಯಲ್ಲಿರುವ ಹದಿಹರೆಯದವರನ್ನೇ ಒಟ್ಟುಗೂಡಿಸಿ ನಡೆಸುವ ಕಾರ್ಯಕ್ರಮಗಳು ಕೆಲವೊಮ್ಮೆ ತಿರುಗುಬಾಣವಾಗುತ್ತವೆ ಎಂದು ಸಂಶೋಧಕರಾದ ಡಿಷನ್, ಮೆಕಾರ್ಡ್, ಪೂಲಿನ್ 1999ರಲ್ಲೇ ಎಚ್ಚರಿಸಿದ್ದರು. ಸಂಶೋಧಕ ಥಾಮಸ್ ವಲೆಂಟೆ ತಂಡದ 2007ರ ಅಧ್ಯಯನದಲ್ಲೂ ಇಂಥದ್ದೇ ಕಂಡಿತು: ನಶೆ ತಡೆಯುವ ಪಾಠಕ್ಕೆ ಯಾರು ಯಾರಿಗೆ ಗೆಳೆಯರು ಎಂದು ನೋಡಿ ಗುಂಪು ಮಾಡಿದಾಗ, ನಶೆ ಮಾಡುವ ಗೆಳೆಯರಿದ್ದವರಲ್ಲಿ ಬಳಕೆ ಹೆಚ್ಚಿತು.

ಹಾಗಾದರೆ ದಾರಿ? ಇರುವ ನಂಟು ಕಡಿಯುವ ಮೊದಲು ಬೇರೆ ನಂಟುಗಳನ್ನು ಹುಡುಕುವುದು. ಬೀದಿಯ ಹುಡುಗನಿಗೆ ಬೀದಿಯವರು ಮಾತ್ರ ಗೊತ್ತು ಎಂದು ನಾವು ಸುಮ್ಮನೆ ಅಂದುಕೊಂಡಿದ್ದೇವೆ. ಜೊತೆಯಲ್ಲಿ ಓದಿದವನೊಬ್ಬ ಇರುತ್ತಾನೆ, ಚಿಕ್ಕಮ್ಮ ಇರುತ್ತಾಳೆ, ಕದ್ದು ಮೆಸೇಜು ಕಳಿಸುವ ತಂಗಿ ಇರುತ್ತಾಳೆ. ಸಂಶೋಧಕ ಎರಿಕ್ ರೈಸ್ ಮತ್ತು ಸಂಗಡಿಗರು ಲಾಸ್ ಏಂಜಲೀಸ್‌ನ ಮನೆಯಿಲ್ಲದ ಹದಿಹರೆಯದವರ ಬಗ್ಗೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊರ ಕಡೆಯ, ನಶೆ ಮಾಡದ ಹಳೇ ಗೆಳೆಯರ ಜೊತೆ ಫೋನ್, ಇಂಟರ್ನೆಟ್ ಮೂಲಕ ಸಂಪರ್ಕ ಉಳಿಸಿಕೊಂಡವರಲ್ಲಿ ಕುಡಿತ ಕಡಿಮೆ ಕಂಡಿತ್ತು. ನಶೆ ಕಡಿಮೆ ಇದ್ದವರಿಗೇ ಸಂಪರ್ಕ ಉಳಿಸಿಕೊಳ್ಳಲು ಆಗಿರಬಹುದು ಅನ್ನುವ ಅನುಮಾನ ನನಗೂ ಇದೆ. ಆದರೂ ಈ ಜಾಡು ಹಿಡಿಯುವುದಕ್ಕೆ ದುಡ್ಡೂ ಅಷ್ಟು ಬೇಕಿಲ್ಲ, ನಷ್ಟವೂ ಕಡಿಮೆ. ಎಚ್ಚರ ಬೇಕಾದ ಜಾಗ ಒಂದೇ: ಹೊಡೆತ ತಾಳದೆ ಮನೆ ಬಿಟ್ಟವರನ್ನು, ಹುಡುಗ ಹುಡುಗನನ್ನು ಇಷ್ಟಪಟ್ಟ ಎಂದು ಹೊರಹಾಕಲ್ಪಟ್ಟವರನ್ನು ಕೇಳದೆ ಮನೆಯವರಿಗೆ ಫೋನ್ ಹಚ್ಚಬೇಡಿ. ಯಾರ ಜೊತೆ ಮಾತಾಡಬೇಕು ಅನ್ನುವುದನ್ನು ಅವರೇ ಹೇಳಲಿ.

ಆಮೇಲೆ ಸೂರು. ನಶೆ ಬಿಟ್ಟರೆ ಮನೆ ಎಂಬ ಷರತ್ತನ್ನು ತೆಗೆದು, ಮೊದಲು ಮನೆ ಎಂಬ ಕ್ರಮವನ್ನು ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ನ್ಯೂಯಾರ್ಕಿನಲ್ಲಿ 1992ರಲ್ಲೇ ಶುರುಮಾಡಿದರು. ಚಿಕ್ಕ ವಯಸ್ಸಿನವರ ವಿಷಯದಲ್ಲಿ ಇದಕ್ಕೆ ನನ್ನದೊಂದು ಸೇರ್ಪಡೆ. ಕೋಣೆಯ ಬೀಗದ ಕೈ ಕೊಡುವಾಗಲೇ ಒಬ್ಬ ಗೆಳೆಯ ಹಗಲು ಬಂದುಹೋಗಲು ಒಪ್ಪಿಗೆ ಕೊಡಿ, ಫೋನಿಗೆ ಚಾರ್ಜರ್ ಕೊಡಿ, ಬೇಕಾದ ನಂಬರುಗಳನ್ನು ಒಂದು ಚೀಟಿಯಲ್ಲೂ ಬರೆದುಕೊಡಿ. ಬೀದಿಯಲ್ಲಿ ಫೋನ್ ಕಳುವಾಗುವುದು ಮಾಮೂಲು, ಅದರ ಜೊತೆ ನಂಬರುಗಳೂ ಹೋಗುತ್ತವೆ.