ರಾತ್ರಿಯ ಪದ್ಯಕ್ಕೆ ಹಿಂದಿನ ರಾತ್ರಿಯಿಂದಲೇ ತಯಾರಿ

ಹನ್ನೊಂದು ವರ್ಷಗಳ ಹಿಂದಿನ ಡಿಸೆಂಬರ್. ಕಾಪು ಸಮೀಪ ಕೊಯ್ಲು ಮುಗಿದ ಗದ್ದೆಯಲ್ಲಿ ಹರಕೆಯ ಯಕ್ಷಗಾನ ಆಟ, ಪ್ರಸಂಗ ‘ದೇವಿ ಮಹಾತ್ಮೆ’. ಆಗ ನಮ್ಮ ಮೇಳದ್ದು ಇಡೀ ರಾತ್ರಿಯ ಆಟ. ಉತ್ತರಾರ್ಧದ ಭಾಗವತಿಕೆ, ಅಂದರೆ ಪದ್ಯ ಹಾಡಿ ಆಟ ನಡೆಸುವ ಕೆಲಸ, ನನ್ನದು. ಹರಕೆಯವರ ಮನೆಯಲ್ಲಿ ಸಾಂಬಾರು, ಪಾಯಸ ಎಲ್ಲವನ್ನೂ ಹೊಟ್ಟೆ ತುಂಬ ಉಂಡು, ವೇಷ ಕಟ್ಟುವ ಚೌಕಿಯ ಮೂಲೆಯಲ್ಲಿ ಚಾಪೆ ಹಾಸಿ ಮಲಗಿದ್ದೆ. ಹನ್ನೆರಡೂವರೆಗೆ ಯಾರೋ ಎಬ್ಬಿಸಿದರು. ಮುಖಕ್ಕೆ ನೀರು ಹಾಕಿಕೊಂಡೆ, ಮುಂಡಾಸು ಸುತ್ತಿದೆ, ಹೋಗಿ ಕುಳಿತು ಜಾಗಟೆ ಹಿಡಿದೆ. ಮೊದಲ ಪದ್ಯವನ್ನೇ ಮೇಲಿನ ಷಡ್ಜದಲ್ಲಿ ಎತ್ತಿದೆ.

ಮಹಿಷಾಸುರ ಬರುವ ಹೊತ್ತಿಗೆ ಧ್ವನಿ ಒಮ್ಮೆ ಸೀಳಿತು. ಕ್ಯಾಕರಿಸಿ ಸರಿ ಮಾಡಿಕೊಂಡೆ. ಸೀಳಿದ್ದನ್ನು ಮುಚ್ಚಲು ಇನ್ನಷ್ಟು ಗಟ್ಟಿಯಾಗಿ ಹಾಡಿದೆ. ರಕ್ತಬೀಜನ ಪದ್ಯಕ್ಕೆ ಬಾಯಿ ತೆರೆದಾಗ ಗಾಳಿ ಮಾತ್ರ ಬಂತು. ವೇಷಧಾರಿ ಕುಣಿಯಲು ಕಾಲೆತ್ತಿ ನನ್ನ ಕಡೆಗೆ ನೋಡುತ್ತಿದ್ದರು. ಮದ್ದಳೆಯವರು ಪದ್ಯವಿಲ್ಲದೆಯೇ ಎರಡು ಆವರ್ತ ನುಡಿಸಿ ನನಗೆ ಅವಕಾಶ ಕೊಟ್ಟರು. ಮೂರನೆಯ ಆವರ್ತದಲ್ಲಿ ಜೊತೆ ಭಾಗವತರು ಹಿಂದಿನಿಂದ ಬಂದು, ಒಂದು ಮಾತನ್ನೂ ಆಡದೆ ನನ್ನ ಕೈಯಿಂದ ಜಾಗಟೆ ತೆಗೆದುಕೊಂಡರು. ಬೆಳಗಿನವರೆಗೆ ಅವರೇ ಹಾಡಿದರು, ಸಂಜೆಯ ಭಾಗ ಹಾಡಿ ದಣಿದಿದ್ದವರು. ಆ ಋಣ ನನ್ನ ಮೇಲೆ ಇಂದಿಗೂ ಇದೆ.

ಬೆಳಿಗ್ಗೆ ವ್ಯಾನಿಗೆ ಪೆಟ್ಟಿಗೆ ತುಂಬುವಾಗ ನಮ್ಮ ಹಿರಿಯ ಮದ್ದಳೆಗಾರರು ಹತ್ತಿರ ಬಂದರು. “ಭಾಗವತರೇ, ಬೇಸರ ಮಾಡಬೇಡಿ. ಬಣ್ಣದ ವೇಷದವರು ನಿನ್ನೆ ಮೂರು ಗಂಟೆ ಕನ್ನಡಿಯ ಮುಂದೆ ಕುಳಿತು ಮುಖದ ಮೇಲೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟರು. ನಾನು ಮದ್ದಳೆಯ ಮುಚ್ಚಿಗೆಯ ಅಂಚಿಗೆ ಬಡಿದು ಬಡಿದು ಅರ್ಧ ಗಂಟೆ ಶ್ರುತಿ ಮಾಡಿದೆ. ನೀವು ಮಲಗಿದಲ್ಲಿಂದ ಎದ್ದು ಬಂದು ಕುಳಿತಿರಿ” ಎಂದರು. ಗದರಲಿಲ್ಲ. ಬೆನ್ನ ಮೇಲೆ ಕೈಯಿಟ್ಟು ಹೇಳಿದರು.

ಮಂಗಳೂರಿನ ಕಿವಿ-ಮೂಗು-ಗಂಟಲು ತಜ್ಞರೊಬ್ಬರು ನನ್ನ ಗಂಟಲಿಗೆ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದ್ದನ್ನು ನಾನು ಮರೆಯಲಾರೆ. ಅನ್ನ ಕೊಡುವ ವಸ್ತುವನ್ನು ಅಷ್ಟು ವರ್ಷ ನಾನು ಕಂಡೇ ಇರಲಿಲ್ಲ. ಧ್ವನಿತಂತು ಎಂಬ ಹೆಸರು ಕೇಳಿ ವೀಣೆಯ ತಂತಿಯಂತಹದ್ದು ಇರಬಹುದೆಂದುಕೊಂಡಿದ್ದೆ. ಅಲ್ಲಿದ್ದದ್ದು ತುಟಿಯಂತೆ ಒದ್ದೆಯಾದ ಎರಡು ಮಡಿಕೆಗಳು, ಹೆಚ್ಚೆಂದರೆ ಎರಡು ಸೆಂಟಿಮೀಟರಿನ ಆಸುಪಾಸು ಉದ್ದ. ಬಿಳಿಯಾಗಿ ಹೊಳೆಯಬೇಕಾದ ಅಂಚು ಕೆಂಪಗೆ ಊದಿಕೊಂಡಿತ್ತು. ಇದೇ ರೀತಿ ಮುಂದುವರಿದರೆ ಗಂಟು ಬೆಳೆಯುತ್ತದೆ ಎಂದರು.

ನನ್ನ ಶ್ರುತಿ ಕಪ್ಪು ಎರಡು, ಅಂದರೆ ಹಾರ್ಮೋನಿಯಂನ ಎರಡನೆಯ ಕಪ್ಪು ಮನೆ. ಆ ಶ್ರುತಿಯ ಮೇಲಿನ ಷಡ್ಜದಲ್ಲಿ ಈ ಎರಡು ಮಡಿಕೆಗಳು ಸೆಕೆಂಡಿಗೆ ಸುಮಾರು 311 ಸಲ ಒಂದಕ್ಕೊಂದು ಬಡಿಯುತ್ತವೆ. ಎಲ್ಲ ಸೇರಿಸಿ ಐದು ನಿಮಿಷ ಆ ಸ್ವರದಲ್ಲಿ ನಿಂತರೆ 93,000ಕ್ಕೂ ಹೆಚ್ಚು ಬಡಿತ. ಚಪ್ಪಾಳೆ ತಟ್ಟಿದರೆ ಅಂಗೈ ಕೆಂಪಾಗುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಗಂಟಲೊಳಗಿನ ಚಪ್ಪಾಳೆಯ ಲೆಕ್ಕ ನನಗೆ ಗೊತ್ತಿರಲಿಲ್ಲ.

ಎರಡು ವಾರ ಮೌನ ಹೇಳಿದರು, ಪಿಸುಮಾತೂ ಕೂಡದು ಎಂದರು, ಏಕೆಂದರೆ ಒತ್ತಿ ಪಿಸುಗುಟ್ಟಿದರೆ ಗಂಟಲಿನ ಸ್ನಾಯುಗಳು ಮತ್ತೆ ಬಿಗಿಯುತ್ತವೆ. ಆಮೇಲೆ ವಾಕ್ ಚಿಕಿತ್ಸಕಿಯೊಬ್ಬರ ಬಳಿಗೆ ಕಳುಹಿಸಿದರು. ಅವರು ಮೊದಲ ದಿನ ಕೇಳಿದ್ದು ಹಾಡನ್ನಲ್ಲ, “ನಿಮ್ಮ ಇಪ್ಪತ್ತನಾಲ್ಕು ಗಂಟೆಯ ದಿನಚರಿ ಹೇಳಿ” ಎಂದು. ಹೇಳುತ್ತ ಹೋದಂತೆ ನನಗೇ ಉತ್ತರ ಹೊಳೆಯತೊಡಗಿತು. ನಾನು ಧ್ವನಿಯನ್ನು ಕೆಡಿಸಿಕೊಳ್ಳುತ್ತಿದ್ದದ್ದು ರಂಗಸ್ಥಳದಲ್ಲಿ ಸ್ವಲ್ಪ, ಉಳಿದ ಇಪ್ಪತ್ತು ಗಂಟೆಗಳಲ್ಲಿ ಬಹಳ.

ನೀರಿನ ವಿಷಯವನ್ನೇ ನೋಡಿ. ಪದ್ಯದ ನಡುವೆ ಬಿಸಿನೀರಿನ ಫ್ಲಾಸ್ಕ್ ಪಕ್ಕದಲ್ಲಿದ್ದರೆ ಸಾಕು ಎಂದು ನಮ್ಮಲ್ಲಿ ಹೆಚ್ಚಿನವರು ನಂಬಿದ್ದಾರೆ. ಕುಡಿದ ನೀರು ಅನ್ನನಾಳಕ್ಕೆ ಇಳಿಯುತ್ತದೆ. ಧ್ವನಿತಂತು ಇರುವುದು ಶ್ವಾಸನಾಳದ ಬಾಯಲ್ಲಿ. ಒಂದು ಹನಿ ಅಲ್ಲಿಗೆ ಹೋದರೂ ಕೆಮ್ಮು ಬರುತ್ತದೆ. ಕರಾವಳಿಯ ಮನೆಗಳಲ್ಲಿ ಪ್ರೀತಿಯಿಂದ ತಂದುಕೊಡುವ ಕಾಳುಮೆಣಸಿನ ಕಷಾಯ, ಶುಂಠಿ, ಕಲ್ಲುಸಕ್ಕರೆ ಎಲ್ಲಕ್ಕೂ ಇದೇ ಮಾತು. ಅವು ಬಾಯಿಗೆ, ಗಂಟಲಿನ ಹಿಂಗೋಡೆಗೆ ಹಿತ, ನಾನೂ ಕುಡಿಯುತ್ತೇನೆ. ಆದರೆ ತಂತುವಿನ ತೇವ ಬರುವುದು ರಕ್ತದಿಂದ, ದೇಹವಿಡೀ ನೀರುಂಡ ಮೇಲೆ, ಗಂಟೆಗಳ ನಂತರ. ಹಾಗಾಗಿ ರಾತ್ರಿಯ ಆಟಕ್ಕೆ ನಾನು ಬೆಳಿಗ್ಗೆ ಎದ್ದಾಗಿನಿಂದ ನೀರು ಕುಡಿಯುತ್ತೇನೆ. ಮಜ್ಜಿಗೆ, ಪುನರ್ಪುಳಿ, ತೆಳ್ಳಗಿನ ಗಂಜಿ ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ತಂತುವನ್ನು ನೇರವಾಗಿ ಮುಟ್ಟುವುದು ಹಬೆಯೊಂದೇ. ಸಂಜೆ ಐದು ನಿಮಿಷ ಬರೀ ನೀರಿನ ಹಬೆ ಸಾಕು. ಮುಲಾಮು ಹಾಕುವುದನ್ನು ಬಿಟ್ಟಿದ್ದೇನೆ. ಅದು ಗಂಟಲನ್ನು ತಣ್ಣಗೆ ಮರಗಟ್ಟಿಸುತ್ತದೆ, ಆಗುತ್ತಿರುವ ನೋವು ತಿಳಿಯುವುದಿಲ್ಲ.

ನೋವಿನ ಮಾತ್ರೆಯ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಗಂಟಲು ನೋವೆಂದು ಆಸ್ಪಿರಿನ್ ನುಂಗಿ ಹಾಡಲು ಕುಳಿತ ಕಲಾವಿದರನ್ನು ಕಂಡಿದ್ದೇನೆ. ಆಸ್ಪಿರಿನ್‌ನಂತಹ ಮಾತ್ರೆಗಳು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ. ಊದಿಕೊಂಡ ತಂತುವಿನಲ್ಲಿ ಕೂದಲೆಳೆಯಷ್ಟು ಸಣ್ಣ ರಕ್ತನಾಳ ಒಡೆದರೆ ಧ್ವನಿ ಒಂದೇ ಕ್ಷಣದಲ್ಲಿ ಹೋಗಬಹುದು. ವೈದ್ಯರನ್ನು ಕೇಳದೆ ಯಾರೂ ಆ ಕೆಲಸ ಮಾಡಬೇಡಿ, ದಯವಿಟ್ಟು.

ಊಟದ ಪಾಠ ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ಆಟ ಮುಗಿದ ಮೇಲಿನ ಹಸಿವು ದೊಡ್ಡದು. ಹೊಟ್ಟೆ ತುಂಬ ಉಂಡು ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಗಂಟಲಿನವರೆಗೆ ಏರುತ್ತದೆ. ಎದೆಯುರಿ ಇಲ್ಲದೆಯೂ ಏರಬಹುದು. ಬೆಳಿಗ್ಗೆ ಧ್ವನಿ ಒರಟಾಗಿರುವುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಅನಿಸುವುದು, ಪದೇ ಪದೇ ಕ್ಯಾಕರಿಸಬೇಕೆನಿಸುವುದು, ಇವನ್ನು ನಾನು ವರ್ಷಗಟ್ಟಲೆ ಮಂಜಿನ ದೋಷ ಎಂದುಕೊಂಡಿದ್ದೆ. ಈಗ ಸಂಜೆ ಐದೂವರೆಗೆ ಕುಚ್ಚಲಕ್ಕಿ ಗಂಜಿ, ಚಟ್ನಿ. ಆಟದ ನಂತರ ಎರಡು ಬಾಳೆಹಣ್ಣು. ಮನೆಯಲ್ಲಿ ಮಂಚದ ತಲೆಯ ಕಡೆಗೆ ಕಾಲಿನಡಿ ಮರದ ತುಂಡು ಇಟ್ಟು ಎತ್ತರಿಸಿದ್ದೇನೆ. ಹರಕೆಯವರು ಒತ್ತಾಯಿಸಿದಾಗ ಬಡಿಸಿದ್ದನ್ನು ಬೇಡವೆನ್ನಲು ಮನಸ್ಸು ಒಪ್ಪುವುದಿಲ್ಲ. “ಪ್ರಸಾದದಷ್ಟು ಹಾಕಿ ಅಮ್ಮಾ, ಪದ್ಯ ಹೇಳಲಿಕ್ಕಿದೆ” ಎಂದರೆ ಯಾರೂ ಬೇಸರ ಮಾಡಿಕೊಂಡದ್ದಿಲ್ಲ.

ಇನ್ನು ಧ್ವನಿಯನ್ನು ಬಿಸಿ ಮಾಡುವ ಕೆಲಸ. “ಹಿಂದಿನವರು ಇದನ್ನೆಲ್ಲ ಮಾಡುತ್ತಿದ್ದರೇ?” ಎಂದು ಕಿರಿಯರು ಕೇಳುತ್ತಾರೆ. ಮಾಡುತ್ತಿದ್ದರು, ಹೆಸರು ಬೇರೆ ಇತ್ತು. ಮೇಳ ಊರಿಂದ ಊರಿಗೆ ನಡೆದೇ ಹೋಗುತ್ತಿದ್ದ ಕಾಲದಲ್ಲಿ ಮೈ ತಾನಾಗಿ ಸಡಿಲವಾಗಿರುತ್ತಿತ್ತು. ಚೌಕಿ ಪೂಜೆಯಲ್ಲಿ ಗಣಪತಿ ಸ್ತುತಿಯನ್ನು ಬಿಡುಬೀಸಾಗಿ ಹಾಡುತ್ತಿದ್ದರು. ಆಮೇಲೆ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ ಎಂದು ಪೂರ್ವರಂಗ ಗಂಟೆಗಟ್ಟಲೆ ನಡೆಯುತ್ತಿತ್ತು. ಪ್ರಸಂಗವೂ ಪಾತ್ರಗಳು ಮೊದಲು ರಂಗಕ್ಕೆ ಬರುವ ಒಡ್ಡೋಲಗದಿಂದ ನಿಧಾನವಾಗಿ ಏರುತ್ತ, ಏರು ಪದ್ಯಗಳಿಗೆ ಬರುವಾಗ ರಾತ್ರಿ ಬಲಿತಿರುತ್ತಿತ್ತು. ಬಲಿಪ ನಾರಾಯಣ ಭಾಗವತರಂಥವರು (1938–2023) ಆ ಏರು ಶ್ರುತಿಯಲ್ಲಿ ದಶಕಗಳ ಕಾಲ ಹಾಡಿದ್ದನ್ನು ನೆನೆದಾಗ, ಆ ಹಳೆಯ ಕ್ರಮದ ಬಲ ನನಗೆ ಅರ್ಥವಾಗುತ್ತದೆ. ಈಗ ನಮ್ಮದು ಕಾಲಮಿತಿಯ ಆಟ. ಸಮಯ ಉಳಿಸಲು ನಾವು ಮೊದಲು ಕತ್ತರಿಸಿದ್ದೇ ಪೂರ್ವರಂಗವನ್ನು. ಪ್ರೇಕ್ಷಕರಿಗೆ ಅದು ಪ್ರಸಂಗದ ಮುಂಚಿನ ಭಾಗ, ಅಷ್ಟೇ. ಹಾಡುವವರ ಗಂಟಲಿಗೆ ಅದು ಏರುವ ಮೆಟ್ಟಿಲಾಗಿತ್ತು. ಮೆಟ್ಟಿಲು ತೆಗೆದ ಮೇಲೆ ಅದನ್ನು ನಾವೇ ಎಲ್ಲಾದರೂ ಕಟ್ಟಿಕೊಳ್ಳಬೇಕು.

ನಾನು ಅದನ್ನು ಚೌಕಿಯ ಹಿಂದೆ ಕಟ್ಟಿಕೊಳ್ಳುತ್ತೇನೆ. ಮೊದಲು ಗದ್ದೆಯ ಬದುವಿನ ಮೇಲೆ ಹತ್ತು ನಿಮಿಷ ನಡಿಗೆ. ಹೆಗಲು ತಿರುಗಿಸುವುದು, ಕೈ ಮೇಲೆತ್ತಿ ಎಡಕ್ಕೆ ಬಲಕ್ಕೆ ಬಾಗಿ ಪಕ್ಕೆಲುಬು ಬಿಡಿಸುವುದು. ಕಿವಿಯ ಕೆಳಗೆ ದವಡೆ ಸೇರುವ ಜಾಗವನ್ನು ಬೆರಳಿನಿಂದ ತಿಕ್ಕಿದರೆ ಎಷ್ಟು ಬಿಗಿ ಹಿಡಿದಿದ್ದೆವೆಂದು ತಿಳಿಯುತ್ತದೆ. ಪಂಚೆಯನ್ನು ಹೊಟ್ಟೆ ಕತ್ತರಿಸುವಂತೆ ಕಟ್ಟುತ್ತಿದ್ದೆ. ಈಗ ಸೊಂಟದ ಮೂಳೆಯ ಮೇಲೆ ನಿಲ್ಲಿಸುತ್ತೇನೆ, ಏಕೆಂದರೆ ಉಸಿರು ತುಂಬುವಾಗ ಎದೆ-ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆ ಕೆಳಗಿಳಿಯಲು ಹೊಟ್ಟೆ ಮುಂದಕ್ಕೆ ಬರಲೇಬೇಕು. ಕುಳಿತು ಹಾಡುವ ನಮಗೆ ಇದು ನಿಂತು ಹಾಡುವವರಿಗಿಂತ ಹೆಚ್ಚು ಮುಖ್ಯ. ಬಳಿಕ ‘ಸ್‌ಸ್‌’ ಎಂದು ಉಸಿರನ್ನು ಸಮನಾಗಿ ಬಿಡುತ್ತ ಮನಸ್ಸಿನಲ್ಲೇ ಇಪ್ಪತ್ತೈದರವರೆಗೆ ಎಣಿಕೆ.

ಆಮೇಲೆ ಸ್ಟ್ರಾ. ಬೊಂಡದ (ಎಳನೀರಿನ) ಅಂಗಡಿಯ ಸ್ಟ್ರಾ ಒಂದು ನನ್ನ ಜೋಳಿಗೆಯಲ್ಲಿ ಸದಾ ಇರುತ್ತದೆ. ಲೋಟದಲ್ಲಿ ಅರ್ಧ ನೀರು, ಅದರಲ್ಲಿ ಎರಡು ಬೆರಳು ಆಳಕ್ಕೆ ಸ್ಟ್ರಾ. ಸ್ಟ್ರಾದೊಳಗೆ ‘ಊ’ ಎಂದು ಧ್ವನಿ ಬಿಡಬೇಕು, ನೀರು ಗುಳುಗುಳು ಎನ್ನಬೇಕು. ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದರೆ ಉಸಿರು ಸಮನಾಗಿದೆ, ಒಮ್ಮೆಲೇ ಉಕ್ಕಿ ನಿಂತರೆ ತಳ್ಳುತ್ತಿದ್ದೇನೆ ಎಂದರ್ಥ. ಕೆಳಗಿನ ಪಂಚಮದಿಂದ ಮೆಲ್ಲಗೆ ಜಾರುತ್ತ ಮೇಲೆ ಹೋಗಿ, ಜಾರುತ್ತ ಇಳಿಯುತ್ತೇನೆ. ಬಾಯಿಯ ದಾರಿ ಕಿರಿದಾದಾಗ ಗಾಳಿಯ ಒತ್ತಡ ಹಿಂದಕ್ಕೆ ಮರಳಿ ತಂತುಗಳನ್ನು ಒಂದಿಷ್ಟು ಬಿಡಿಸಿ ಹಿಡಿಯುತ್ತದೆ. ಅವು ಕಂಪಿಸುತ್ತವೆ, ಆದರೆ ಜೋರಾಗಿ ಬಡಿದುಕೊಳ್ಳುವುದಿಲ್ಲ. ಸ್ಟ್ರಾ ಇಲ್ಲದ ದಿನ ಮಕ್ಕಳು ಬಸ್ ಬಿಡುವ ಆಟದಲ್ಲಿ ತುಟಿ ನಡುಗಿಸಿ ‘ಬುರ್ರ್’ ಎನ್ನುತ್ತಾರಲ್ಲ, ಅದೇ ಸಾಕು. ಐದು ನಿಮಿಷ ಇದು, ಐದು ನಿಮಿಷ ಬಾಯಿ ಮುಚ್ಚಿ ಗುನುಗು, ಆಮೇಲೆ ಮಂದ್ರದಲ್ಲಿ ಅಕಾರ. ಕೊನೆಯಲ್ಲಿ ಆ ದಿನದ ಏರು ಪದ್ಯವೊಂದನ್ನು ಅರ್ಧ ಧ್ವನಿಯಲ್ಲಿ ಒಮ್ಮೆ ಮಾತ್ರ. ಚೌಕಿಯ ಹಿಂದೆ ಪೂರ್ತಿ ಧ್ವನಿ ಖರ್ಚು ಮಾಡಬಾರದು. ಎಲ್ಲ ಸೇರಿ ಮೂವತ್ತೈದು ನಿಮಿಷ.

ಇಷ್ಟು ಮಾಡಿ ಕುಳಿತರೂ ಚೆಂಡೆಯ ಎದುರು ಕೆಡುವ ಸಾಧ್ಯತೆ ಇದ್ದೇ ಇದೆ. ಸುತ್ತ ಸದ್ದು ಹೆಚ್ಚಿದರೆ ಮನುಷ್ಯ ತನಗೆ ಅರಿವಿಲ್ಲದೆ ಧ್ವನಿ ಎತ್ತರಿಸುತ್ತಾನೆ. 1911ರಲ್ಲಿ ಇದನ್ನು ಬರೆದಿಟ್ಟ ಫ್ರೆಂಚ್ ವೈದ್ಯ ಲೊಂಬಾರ್ಡ್ ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ಕಾಪುವಿನ ಆ ರಾತ್ರಿ ನಾನು ಮಾಡಿದ್ದು ಇದನ್ನೇ. ಮೈಕ್ ಎದುರಿಗಿತ್ತು, ಗದ್ದೆಯ ಕೊನೆಯ ಕುರ್ಚಿಯವರೆಗೂ ನನ್ನ ಧ್ವನಿ ತಲುಪುತ್ತಿತ್ತು, ನನ್ನ ಕಿವಿಗೆ ಮಾತ್ರ ತಲುಪುತ್ತಿರಲಿಲ್ಲ. ಈಗ ಆಟದ ಮೊದಲು ಧ್ವನಿವರ್ಧಕದವರ ಬಳಿ ಹೋಗಿ, ನನ್ನ ಕಡೆಗೆ ಮುಖ ಮಾಡಿದ ಒಂದು ಪೆಟ್ಟಿಗೆ ಇಡಿಸಿಕೊಳ್ಳುತ್ತೇನೆ. ಅದರಲ್ಲಿ ನನ್ನ ಧ್ವನಿ ಮತ್ತು ಶ್ರುತಿ ಬಿಟ್ಟು ಬೇರೇನೂ ಬೇಡ. ಇದಕ್ಕಾಗಿ ಐದು ನಿಮಿಷ ಕೇಳಿಕೊಳ್ಳಲು ಯಾವ ಭಾಗವತರೂ ಸಂಕೋಚಪಡಬಾರದು.

ವ್ಯಾನಿನೊಳಗೂ ಇದೇ ನಡೆಯುತ್ತದೆ. ಆಟ ಮುಗಿಸಿ ಹೊರಟ ಮೇಲೆ ಎಂಜಿನ್ನಿನ ಸದ್ದು, ಕಿಟಕಿಯ ಗಾಳಿ, ಅದರ ಮೇಲೆ ಕೂಗಿ ಕೂಗಿ ಆಡುವ ಹರಟೆ. ಎರಡು ಗಂಟೆ ಪದ್ಯ ಹೇಳಿ ಊದಿದ ತಂತುವಿಗೆ ಆ ಒಂದು ಗಂಟೆಯೇ ಹೆಚ್ಚಿನ ಪೆಟ್ಟು. ಮಂಗಳ ಹಾಡಿದ ಮೇಲೆ ಐದು ನಿಮಿಷ ಕೆಳಗಿನ ಸ್ವರಗಳಲ್ಲಿ ಗುನುಗಿ, ಕುತ್ತಿಗೆಗೆ ಶಾಲು ಸುತ್ತಿ ಕಿಟಕಿಯಿಂದ ದೂರ ಕುಳಿತುಬಿಡುತ್ತೇನೆ. ಮರುದಿನದ ಆಟದ ತಯಾರಿ ನನಗೆ ಆಗಲೇ ಶುರುವಾಗಿರುತ್ತದೆ. ನವೆಂಬರಿನಿಂದ ಮೇ ಕೊನೆಯ ಪತ್ತನಾಜೆಯವರೆಗೆ ರಾತ್ರಿಯ ಬೆನ್ನಿಗೆ ರಾತ್ರಿ ಹಾಡುವವರಿಗೆ ಬೇರೆ ದಾರಿ ಇಲ್ಲ. ಮೊದಮೊದಲು ಜೊತೆಯವರು ನನಗೆ ಸಿಟ್ಟು ಬಂದಿದೆ ಎಂದು ತಿಳಿದಿದ್ದರು. ಈಗ ಪೂರ್ವರಂಗದಲ್ಲಿ ಹಾಡುವ ನಮ್ಮ ಸಂಗೀತಗಾರ ಹುಡುಗನೂ ನನ್ನ ಪಕ್ಕದಲ್ಲಿ ಮೌನವಾಗಿ ಕುಳಿತಿರುತ್ತಾನೆ.

ಅವನಿಗೆ ಕಲಿಸಿದ ಒಂದು ಪರೀಕ್ಷೆಯನ್ನು ಇಲ್ಲಿಯೂ ಹೇಳುತ್ತೇನೆ. ದಿನಾ ಮಧ್ಯಾಹ್ನದ ಮೇಲೆ, ನಿಮ್ಮ ಏರು ಸ್ವರಗಳಲ್ಲಿ ಒಂದು ಸಾಲನ್ನು ತೊಟ್ಟಿಲ ಮಗುವಿಗೆ ಎಚ್ಚರವಾಗದಷ್ಟು ಮೆಲ್ಲಗೆ ಹಾಡಿ ನೋಡಿ. ಗಟ್ಟಿಯಾಗಿ ಹಾಡಿದರೆ ಊತ ಮುಚ್ಚಿಹೋಗುತ್ತದೆ, ಮೆಲ್ಲಗೆ ಹಾಡಿದರೆ ಅಡಗಲು ಜಾಗವಿಲ್ಲ. ಸ್ವರ ಕೂಡಲೇ ಹುಟ್ಟದೆ ಮೊದಲು ಗಾಳಿ ಬಂದು ಆಮೇಲೆ ಧ್ವನಿ ಬಂದರೆ, ಅಥವಾ ನಿನ್ನೆ ತಲುಪಿದ ಸ್ವರ ಇಂದು ಮೆಲ್ಲಗೆ ಸಿಗದಿದ್ದರೆ, ತಂತು ಊದಿದೆ.

ಕಳೆದ ಫೆಬ್ರವರಿಯಲ್ಲಿ ಕಿನ್ನಿಗೋಳಿ ಬಳಿ ಆಟವಿದ್ದ ದಿನ ನಾಲ್ಕು ಗಂಟೆಗೆ ನನಗೆ ಹಾಗೇ ಆಯಿತು. ಮಾತಾಡುವ ಧ್ವನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಆದರೂ ಮ್ಯಾನೇಜರರಿಗೆ ಫೋನ್ ಮಾಡಿ, ಉತ್ತರಾರ್ಧ ನನ್ನಿಂದ ಬೇಡ, ಮೊದಲ ಭಾಗದ ತಗ್ಗು ಪದ್ಯಗಳನ್ನು ಮಾತ್ರ ಹೇಳುತ್ತೇನೆ ಎಂದೆ. ಜೊತೆ ಭಾಗವತರು ಕೂಡಲೇ ಒಪ್ಪಿದರು. ಅಂದು ಜಾಗಟೆಯನ್ನು ಅವರ ಕೈಗೆ ನಾನೇ ಕೊಟ್ಟೆ, ಚೌಕಿಯಲ್ಲಿ, ಆಟಕ್ಕೆ ಮೊದಲೇ. ಮೂರನೆಯ ದಿನ ಮೇಲಿನ ಷಡ್ಜ ಮೆಲುದನಿಯಲ್ಲಿ ಮತ್ತೆ ಸಿಕ್ಕಿತು.