ಬೀಸೋ ಕಲ್ಲಿನ ಮುಂದೆ ಅಮ್ಮ

ಮೈಸೂರು ರಸ್ತೆಯಲ್ಲಿ ಎಷ್ಟು ಸಲ ಓಡಾಡಿದ್ದೀನಿ, ರಾಮನಗರದ ಹತ್ತಿರದ ಜಾನಪದ ಲೋಕ ಅನ್ನೋ ಜಾನಪದ ವಸ್ತುಸಂಗ್ರಹಾಲಯದ ಒಳಗೆ ಕಾಲಿಟ್ಟಿದ್ದು ಮಾತ್ರ ಈ ಭಾನುವಾರ. ಅದೂ ಅಮ್ಮ ಹಟ ಮಾಡಿದ್ದಕ್ಕೆ.

ಲೋಕಮಹಲಿನ ತೊಗಲುಗೊಂಬೆ, ಯಕ್ಷಗಾನದ ವೇಷ ಎಲ್ಲ ನೋಡಿದೆವು, ಚೆನ್ನಾಗಿವೆ. ಆದರೆ ಅಮ್ಮ ನಿಂತುಬಿಟ್ಟಿದ್ದು ಲೋಕಮಾತಾ ಮಂದಿರದಲ್ಲಿ, ಹಳೇ ಮನೆ ಸಾಮಾನುಗಳ ನಡುವೆ. ಒರಳು, ಒನಕೆ, ಸೇರು, ಆಮೇಲೆ ಒಂದು ರಾಗಿ ಬೀಸೋ ಕಲ್ಲು. ಅದರ ಗೂಟ ಎಷ್ಟೋ ಕೈ ಹಿಡಿದು ಹಿಡಿದು ನುಣ್ಣಗೆ ಆಗಿದೆ, ಒಂದು ಕಡೆ ಜಾಸ್ತಿ ಸವೆದಿದೆ. ‘ನಮ್ಮವ್ವ ಬಲಗೈಲೇ ಬೀಸ್ತಿದ್ಲು’ ಅಂತ ಅಮ್ಮ ಮೆಲ್ಲಗೆ ಹೇಳಿ, ಅಜ್ಜಿ ನಸುಕಿನಲ್ಲಿ ಹಾಡುತ್ತಿದ್ದ ಪದ ಗುನುಗಿದರು. ಎರಡು ಸಾಲು ಬಂತು, ಮೂರನೆಯದು ನೆನಪಾಗಲಿಲ್ಲ.

ಎಚ್.ಎಲ್. ನಾಗೇಗೌಡರು ದೊಡ್ಡ ಸರ್ಕಾರಿ ಅಧಿಕಾರಿಯಾಗಿದ್ದವರು. ಇಂಥ ಪದಗಳನ್ನು ಹುಡುಕಿಕೊಂಡು ಹಳ್ಳಿ ಹಳ್ಳಿ ತಿರುಗಿ, 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರ ಹೊತ್ತಿಗೆ ಸುಮಾರು 15 ಎಕರೆಯಲ್ಲಿ ಈ ಲೋಕವನ್ನೇ ಎಬ್ಬಿಸಿದರು. ಅವರಿಗೆ ಯಾಕಷ್ಟು ಆತುರವಿತ್ತು ಅಂತ ಆ ಮೂರನೇ ಸಾಲು ಬರದೇ ಹೋದಾಗ ನನಗೆ ಗೊತ್ತಾಯಿತು. ಕಲ್ಲು ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? ಪದ ಹಾಗಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಅಮ್ಮನ ಆ ಎರಡು ಸಾಲನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಉಳಿದದ್ದು ದೊಡ್ಡಮ್ಮನಿಗೆ ಗೊತ್ತಿರಬಹುದಂತೆ. ಮುಂದಿನ ವಾರ ಊರಿಗೆ ಹೋಗುತ್ತಿದ್ದೀವಿ.