ಅಮ್ಮನ ಮ್ಯಾಚಿಂಗ್ ಬ್ಲೌಸು

ಹೋದ ವಾರ ಅಮ್ಮನ ಜೊತೆ ಮ್ಯಾಚಿಂಗ್ ಸೆಂಟರಿಗೆ ಹೋಗಿದ್ದೆ. ಚೀಲದಲ್ಲಿ ಒಂದು ರೇಷ್ಮೆ ಸೀರೆ. ನನ್ನ ಕಣ್ಣಿಗೆ ಅದು ಸುಮ್ನೆ ಹಸಿರು. ಅಮ್ಮನಿಗೆ ರಾಮಾ ಗ್ರೀನ್. ಅಂಗಡಿಯವರು ಆರು ಥಾನು ಬಿಚ್ಚಿ ಹಾಕಿದರು. "ಇದು ಗಿಳಿಹಸಿರು, ಅದು ಎಲೆಹಸಿರು, ಬೇರೆ ತೋರ್ಸಿ" ಅಂತ ಅಮ್ಮ ತಳ್ಳಿದ್ದೇ ತಳ್ಳಿದ್ದು.

ನನಗೆ ಬ್ರೆಂಟ್ ಬರ್ಲಿನ್, ಪಾಲ್ ಕೇ ಅನ್ನುವ ಅಮೆರಿಕದ ವಿದ್ವಾಂಸರು ನೆನಪಾದರು. 1969ರಲ್ಲಿ ಇವರಿಬ್ಬರು 98 ಭಾಷೆಗಳ ಬಣ್ಣದ ಹೆಸರುಗಳನ್ನು ಹೋಲಿಸಿ ನೋಡಿದ್ದರು. ಭಾಷೆಯಲ್ಲಿ ಎರಡೇ ಹೆಸರಿದ್ದರೆ ಅವು ಕಪ್ಪು, ಬಿಳಿ. ಮೂರನೆಯದು ಬಂದರೆ ಕೆಂಪು ಅನ್ನುವುದು ಅವರ ವಾದ. ಬಣ್ಣದ ಹೆಸರು ಯಾವುದೋ ವಸ್ತುವಿನ ಹೆಸರೂ ಆಗಿದ್ದರೆ, ಅದು ಮೂಲ ಹೆಸರು, ಅಂದರೆ ಬಣ್ಣಕ್ಕೆಂದೇ ಇರುವ ಹೆಸರು, ಹೌದೋ ಅಲ್ಲವೋ ಅಂತ ಅವರಿಗೆ ಅನುಮಾನ. ನಮ್ಮ ಕಿತ್ತಳೆ, ನೇರಳೆ ಎರಡೂ ಹಣ್ಣು. ಬೂದು ಒಲೆಯ ಬೂದಿ. ಹಸಿರು ಕೂಡ 'ಹಸಿ'ಗೆ ನೆಂಟ. ಈ ಅನುಮಾನ ಸ್ವಲ್ಪ ಜಾಸ್ತಿಯೇ ಆಯ್ತು ಅನಿಸುತ್ತದೆ ನನಗೆ. ನೇರಳೆ ಬಣ್ಣದ ಸೀರೆ ಅಂದಾಗ ಯಾರಿಗೂ ಹಣ್ಣು ನೆನಪಾಗಲ್ಲ, ಅಲ್ವಾ?

ಕೊನೆಗೆ ಒಂದು ಬಟ್ಟೆ ಒಪ್ಪಿಗೆಯಾಯಿತು. ಅಮ್ಮ ಎರಡನ್ನೂ ಎತ್ತಿಕೊಂಡು ಫುಟ್‌ಪಾತಿಗೆ ಬಂದಳು. ಬಿಸಿಲಲ್ಲಿ ನೋಡಿದರೆ ಬ್ಲೌಸ್ ಪೀಸು ನೀಲಿಗೆ ತಿರುಗಿತ್ತು! ಇದಕ್ಕೆ ಮೆಟಾಮೆರಿಸಂ ಅನ್ನುತ್ತಾರೆ. ಬೇರೆ ಬೇರೆ ಡೈ ಹಾಕಿದ ಎರಡು ಬಟ್ಟೆ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡು, ಬಿಸಿಲಲ್ಲಿ ಬೇರೆಯಾಗಬಹುದು. ನಾನು ವಿವರಿಸಲು ಹೋದೆ.

"ಅದಕ್ಕೇ ಹೊರಗೆ ತಂದಿದ್ದು ಕಣೇ" ಅಂದ ಅಮ್ಮ ಮತ್ತೆ ಒಳಗೆ ಹೋದಳು.